ಗಾಡಿಯಲ್ಲಿ ಸುಟ್ಟ ವಾಸನೆ ಬಂದರೆ



ಅಡಿಕೆ, ಗೊಬ್ಬರ ಹೇರಿದ ಜೀಪು ನಮ್ಮ ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡದ ರಸ್ತೆಯಲ್ಲಿ ಓಡುವಾಗ ಸುಟ್ಟ ವಾಸನೆ ಬಂದರೆ, "ಮನೆಗೆ ಮುಟ್ಟಿದ ಮೇಲೆ ನೋಡುವ" ಎನ್ನಬೇಡಿ. ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ವಾಸನೆ ಎಂಥದು, ಯಾವಾಗ ಬಂತು ಎಂಬುದರಿಂದ ಕಾರಣವನ್ನು ಊಹಿಸಬಹುದು.

1. ಏರು ಹತ್ತುವಾಗ ಕಾಗದ ಸುಟ್ಟಂತಹ ವಾಸನೆ: ಕ್ಲಚ್ ಜಾರುತ್ತಿದೆ. ಅರ್ಧ ಕ್ಲಚ್ ಒತ್ತಿ ಓಡಿಸುವ ಅಭ್ಯಾಸ ಬಿಡಿ.

2. ಇಳಿಯುವಾಗ ಚಕ್ರದ ಬಳಿ ಘಾಟು: ಬ್ರೇಕ್ ಕಾದಿದೆ. ಅತಿಯಾಗಿ ಕಾದ ಬ್ರೇಕ್ ಹಿಡಿಯುವುದಿಲ್ಲ; ಜೀವಕ್ಕೇ ಅಪಾಯ. ನೀರು ಸುರಿಯದೆ ತಾನಾಗಿ ತಣಿಯಲು ಬಿಡಿ. ಮುಂದೆ ಕೆಳಗಿನ ಗೇರಿನಲ್ಲೇ ಇಳಿಯಿರಿ. ಸಮತಟ್ಟಿನಲ್ಲೂ ಈ ವಾಸನೆ ಬಂದರೆ ಹ್ಯಾಂಡ್‌ಬ್ರೇಕ್ ಬಿಡಲು ಮರೆತಿದ್ದೀರಾ ನೋಡಿ.

3. ಪ್ಲಾಸ್ಟಿಕ್ ಸುಟ್ಟಂತೆ: ವಯರ್ ಕಾದಿರಬಹುದು, ಇಲಿ ಕಡಿದಿದ್ದರೂ ಹೀಗಾಗುತ್ತದೆ. ಮೆಕ್ಯಾನಿಕ್ ನೋಡುವ ತನಕ ಓಡಿಸಬೇಡಿ.

4. ಸಿಹಿ ವಾಸನೆ: ಕೂಲಂಟ್ ಸೋರುತ್ತಿದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಕುದಿನೀರು ಮುಖಕ್ಕೆ ಹಾರೀತು.

5. ಹುಲ್ಲು ಸುಟ್ಟಂತೆ: ಸೈಲೆನ್ಸರಿಗೆ ಬೈಹುಲ್ಲು, ತರಗೆಲೆ ಸಿಕ್ಕಿರಬಹುದು. ತಣಿದ ಮೇಲೆ ತೆಗೆಯಿರಿ.

ಬಾನೆಟಿನಿಂದ ಹೊಗೆ ಕಂಡರೆ ಅದನ್ನು ತೆರೆಯಬೇಡಿ. ಗಾಳಿ ತಾಗಿ ಬೆಂಕಿ ಭುಗಿಲೇಳಬಹುದು. ಮೊದಲು ಎಲ್ಲರನ್ನೂ ಇಳಿಸಿ ದೂರ ಹೋಗಿ. ಅಡಿಕೆ ಮುಂದಿನ ವರ್ಷವೂ ಬೆಳೆಯುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಹಾಗಲ್ಲ.