ಮೂತ್ರಾಶಯದ ಕಲ್ಲು

ಡೊಂಬಿವಲಿ, ವಿರಾರ್ ಮೊದಲಾದ ಕಡೆಗಳಿಂದ ಮುಂಬಯಿಯ ಕಚೇರಿಗಳಿಗೆ ಬರುವವರಲ್ಲಿ ಹಲವರು ಬೆಳಗ್ಗೆ ಬೇಕೆಂದೇ ನೀರು ಕುಡಿಯುವುದಿಲ್ಲ. ಲೋಕಲ್ ಗಾಡಿಗಳಲ್ಲಿ ಶೌಚಾಲಯವಿಲ್ಲ. ಪ್ರಯಾಣವೋ ಗಂಟೆಗೂ ಮೀರಿದುದು. ಸ್ತ್ರೀಯರ ಪಾಡಂತೂ ಇನ್ನೂ ಕಷ್ಟ. ಅವರಿಗೆ ಉಚಿತವೂ ಶುಚಿಯೂ ಆದ ಮೂತ್ರಾಲಯಗಳು ಬೇಕೆಂದು 2011ರಲ್ಲಿ ಈ ನಗರದಲ್ಲಿ ಚಳವಳಿಯೇ ಆರಂಭವಾಯಿತು. ನೀರು ಕಡಿಮೆಯಾದರೆ ಮೂತ್ರ ಸಾಂದ್ರವಾಗಿ, ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟಲು ಅನುಕೂಲವಾಗುತ್ತದೆ.

ಆದರೆ ಮೂತ್ರಾಶಯದ ಕಲ್ಲಿಗೆ ಇದಿಷ್ಟೇ ಕಾರಣವಲ್ಲ. ಮೂತ್ರಪಿಂಡದಿಂದ ಜಾರಿಬಂದ ಸಣ್ಣ ಹರಳು ಸಾಮಾನ್ಯವಾಗಿ ಮೂತ್ರದೊಡನೆ ಹೊರಬೀಳುತ್ತದೆ. ಮೂತ್ರಾಶಯ ಪೂರ್ತಿ ಬರಿದಾಗದೆ ತಳದಲ್ಲಿ ಸದಾ ಸ್ವಲ್ಪ ಮೂತ್ರ ಉಳಿದಾಗ ಅಲ್ಲಿಯೇ ಕಲ್ಲು ಬೆಳೆಯುತ್ತದೆ. ಐವತ್ತು ದಾಟಿದ ಪುರುಷರಲ್ಲಿ ಪ್ರೋಸ್ಟೇಟ್ ಗ್ರಂಥಿ ಹಿಗ್ಗಿ ದಾರಿಯನ್ನು ಅಮುಕುವುದೇ ಇದಕ್ಕೆ ಮುಖ್ಯ ಕಾರಣ. ದೀರ್ಘಕಾಲದ ಸೋಂಕು, ನರಗಳ ದೌರ್ಬಲ್ಯ, ಬಹುದಿನ ಇರಿಸಿದ ಮೂತ್ರನಳಿಗೆ ಇವೂ ಕಾರಣವಾಗಬಲ್ಲವು. ಹಾಲು ಕಾಣದೆ ಬರಿಯ ಧಾನ್ಯವನ್ನುಂಡು ಬೆಳೆಯುವ ಬಡಮಕ್ಕಳಲ್ಲಿಯೂ ಈ ರೋಗ ಹಿಂದೆ ಹೆಚ್ಚಾಗಿತ್ತು. ಆಹಾರ ಸುಧಾರಿಸಿದೆಡೆ ವಿರಳವಾಯಿತು.

ಧಾರೆ ನಡುವೆ ತಟ್ಟನೆ ನಿಂತು, ಭಂಗಿ ಬದಲಿಸಿದಾಗ ಮತ್ತೆ ಹರಿಯುವುದು ಇದರ ವಿಶಿಷ್ಟ ಲಕ್ಷಣ. ಕಲ್ಲು ಉರುಳಿ ಬಾಯಿಯನ್ನು ಮುಚ್ಚುವುದರಿಂದ ಹೀಗಾಗುತ್ತದೆ. ಉರಿ, ಕಿಬ್ಬೊಟ್ಟೆಯ ನೋವು, ಕೊನೆಯ ಹನಿಗಳಲ್ಲಿ ರಕ್ತ, ರಾತ್ರಿ ಪದೇ ಪದೇ ಏಳುವುದು ಇವೂ ಇರುತ್ತವೆ. ವಯಸ್ಸಾಯಿತು, ಇದೆಲ್ಲ ಸಹಜವೆಂದು ಹಿರಿಯರು ಸಂಕೋಚದಿಂದ ಮನೆಯವರಲ್ಲಿಯೂ ಹೇಳದಿರುವುದುಂಟು. ಅಷ್ಟರಲ್ಲಿ ತಡೆದು ನಿಂತ ಮೂತ್ರದ ಒತ್ತಡ ಮೇಲಕ್ಕೇರಿ ಮೂತ್ರಪಿಂಡಗಳನ್ನೇ ಕೆಡಿಸಬಹುದು. ಜ್ವರ, ಚಳಿ ಕಾಣಿಸಿಕೊಂಡರೆ ಅಥವಾ ಮೂತ್ರವೇ ಕಟ್ಟಿದರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಬಾಳೆದಿಂಡಿನ ಪಲ್ಯ ಊಟಕ್ಕೆ ಒಳ್ಳೆಯದೇ. ಆದರೆ ಬೆಳೆದ ಕಲ್ಲು ಅದರಿಂದ ಕರಗೀತೆಂದು ತಿಂಗಳುಗಟ್ಟಲೆ ಕಾಯುವುದು ಅಪಾಯಕರ.

ಆಯುರ್ವೇದದಲ್ಲಿ ಇದಕ್ಕೆ ಅಶ್ಮರಿಯೆಂದು ಹೆಸರು. ಸುಶ್ರುತನು ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರಿಸಿದ್ದಾನೆ. ಶಸ್ತ್ರ ಹಿಡಿಯದಿದ್ದರೆ ಸಾವು ನಿಶ್ಚಿತ, ಹಿಡಿದರೆ ಫಲ ಸಂದಿಗ್ಧ, ಆದುದರಿಂದ ಅರಸನ ಅನುಮತಿ ಪಡೆದೇ ತೊಡಗಬೇಕೆಂದು ಅವನ ಸೂಚನೆ. ಈಗ ಅಷ್ಟು ಭಯಪಡಬೇಕಾಗಿಲ್ಲ. ಮೂತ್ರಪರೀಕ್ಷೆ, ಸೋನೋಗ್ರಫಿಗಳಿಂದ ಕಲ್ಲು ಪತ್ತೆಯಾಗುತ್ತದೆ. ಕೆಲವು ಜಾತಿಯ ಕಲ್ಲುಗಳು ಎಕ್ಸ್‌ರೇಯಲ್ಲಿ ಕಾಣವು. ಮೂತ್ರಮಾರ್ಗದ ಮೂಲಕವೇ ದುರ್ಬೀನು ಹಾಯಿಸಿ, ಲೇಸರ್ ಮುಂತಾದವುಗಳಿಂದ ಕಲ್ಲನ್ನು ಪುಡಿಮಾಡಿ ತೆಗೆಯುತ್ತಾರೆ. ತೀರ ದೊಡ್ಡದಾದರೆ ಶಸ್ತ್ರಕ್ರಿಯೆ ಬೇಕಾದೀತು. ಕಲ್ಲನ್ನು ಮಾತ್ರ ತೆಗೆದು ಪ್ರೋಸ್ಟೇಟಿನ ತಡೆಯನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ಹುಟ್ಟಬಹುದು. ಈ ವಿಷಯವನ್ನು ವೈದ್ಯರಲ್ಲಿ ಮೊದಲೇ ಕೇಳಿ ತಿಳಿಯುವುದು ಲೇಸು.