ಕಡತಗಳ ವಿಳಾಸವನ್ನು ಸರಿಪಡಿಸುವ ಕ್ರಮ

ಮಾಗಡಿ ತಾಲ್ಲೂಕಿನಲ್ಲಿ ತಿಪ್ಪಸಂದ್ರವೆಂಬ ಹೋಬಳಿಯುಂಟು. ಬೆಂಗಳೂರು ನಗರದಲ್ಲಿ ಹೊಸ ತಿಪ್ಪಸಂದ್ರವೆಂಬ ಬಡಾವಣೆಯೂ ಉಂಟು. ಕಾಗದದ ಮೇಲೆ ‘ತಿಪ್ಪಸಂದ್ರ’ ಎಂದಷ್ಟೇ ಬರೆದರೆ ಅದು ಎಲ್ಲಿಗೆ ಸೇರುವುದೋ ಹೇಳಲಾಗದು. ಹೆಸರಿನ ಮುಂದೆ ಬರೆಯುವ ತಾಲ್ಲೂಕೇ ಅಂಚೆಯವನಿಗೆ ದಾರಿ ತೋರತಕ್ಕದ್ದು. ಗಣಕಯಂತ್ರದ ಕಡತಗಳ ಸಂಗತಿಯೂ ಹೀಗೆಯೇ. ಹೆಸರಿನ ಕೊನೆಯಲ್ಲಿ ಚುಕ್ಕಿಯಿಟ್ಟು ಬರೆಯುವ ‘ಸಿ’, ‘ಸಿಪಿಪಿ’, ‘ಎಚ್’ ಮೊದಲಾದ ಬಾಲಾಕ್ಷರಗಳನ್ನು ನೋಡಿ, ಕಡತವನ್ನು ಯಾವ ತಂತ್ರಾಂಶದ ಕೈಗೆ ಒಪ್ಪಿಸಬೇಕೆಂದು ವಿಂಡೋಸ್ ತೀರ್ಮಾನಿಸುವುದು. 1984ರ ಮ್ಯಾಕಿಂಟಾಷ್ ಯಂತ್ರವಾದರೋ, ಕಡತವನ್ನು ರಚಿಸಿದ ತಂತ್ರಾಂಶದ ಗುರುತನ್ನು ನಾಲ್ಕಕ್ಷರಗಳಲ್ಲಿ ಕಡತದೊಂದಿಗೇ ಗುಪ್ತವಾಗಿ ಇಡುತ್ತಿತ್ತು. ಅದೇ ಹೆಚ್ಚು ಅಂದವಾದ ಏರ್ಪಾಡೆಂದು ನಮ್ಮ ಅಭಿಪ್ರಾಯ.

ವಿಂಡೋಸಿನಲ್ಲಿ ಈ ವಿವರಗಳಿರುವ ದಫ್ತರಕ್ಕೆ ರಿಜಿಸ್ಟ್ರಿ ಎಂದು ಹೆಸರು. ಬಾಲಾಕ್ಷರವು ಯಾವ ಬಗೆಯ ಕಡತದ್ದೆಂಬುದು ಅದರಲ್ಲಿ ಒಂದು ನಮೂದು. ಆ ಬಗೆಯನ್ನು ತೆರೆಯತಕ್ಕ ತಂತ್ರಾಂಶ ಯಾವುದೆಂಬುದು ಇನ್ನೊಂದು. ಹಳೆಯ ಪಾಠಗಳ ಅಭ್ಯಾಸಕ್ಕೆಂದು 1998ರ ವಿಷುಯಲ್ ಸಿ ಪ್ಲಸ್ ಪ್ಲಸ್ 6.0 ಎಂಬುದನ್ನು ಸ್ಥಾಪಿಸಿದರೆ, ಅದು ತನ್ನ ಕಾಲದ ವಾಡಿಕೆಯಂತೆ ಆ ದಫ್ತರದಲ್ಲಿ ತನ್ನ ಹೆಸರನ್ನು ಬರೆದುಕೊಳ್ಳುವುದು. ಏಸಾವನಾದರೂ ಒಂದು ಹೊತ್ತಿನ ಊಟಕ್ಕೆ ಬದಲಾಗಿ ಚೊಚ್ಚಲತನದ ಹಕ್ಕನ್ನು ತಾನೇ ಬಿಟ್ಟುಕೊಟ್ಟನು. ಇಲ್ಲಿ ಮೊದಲಿದ್ದ ತಂತ್ರಾಂಶವನ್ನು ಕೇಳುವವರೇ ಇಲ್ಲ.

ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿನಿಯು ತನ್ನ ಕಡತವನ್ನು ಒತ್ತಿದಾಗ ಅಪರಿಚಿತವಾದ ಬೂದುಬಣ್ಣದ ಕಿಟಕಿ ತೆರೆದು, ಟಿಪ್ಪಣಿಯಲ್ಲಿದ್ದ ಕನ್ನಡವೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಂಡರೆ, ವರ್ಷದ ಶ್ರಮವೆಲ್ಲ ಹಾಳಾಯಿತೆಂದು ಕಣ್ಣೀರಿಡುವುದು ಸಹಜ. ಹಾಳಾಗಿರುವುದಿಲ್ಲ. ಕಾಗದವು ಬೇರೆ ಮನೆಗೆ ಹೋಗಿದೆಯೇ ಹೊರತು ಅದರೊಳಗಿನ ಬರಹ ಅಳಿದಿಲ್ಲ. ಆದರೆ ಆ ಕಿಟಕಿಯಲ್ಲಿ ಏನನ್ನೂ ತಿದ್ದದೆ, ‘ಸೇವ್’ ಎಂಬುದನ್ನು ಒತ್ತದೆ, ಹಾಗೆಯೇ ಮುಚ್ಚತಕ್ಕದ್ದು. ನಿಜವಾದ ನಷ್ಟವು ಸಂಭವಿಸಬಹುದಾದದ್ದು ಅಲ್ಲಿಯೇ. ಬಾಲಾಕ್ಷರವನ್ನು ಬದಲಾಯಿಸುವ ಉಪಾಯವೂ ಸಲ್ಲದು. ಅಂಚೆಯವನ ಪುಸ್ತಕ ತಪ್ಪಾಗಿರುವಾಗ ಕಾಗದದ ವಿಳಾಸವನ್ನು ತಿದ್ದಿದರೆ ಫಲವೇನು?

ಮೊದಲು ಕಡತಗಳ ಕಿಟಕಿಯ ‘ವ್ಯೂ’ ಪಟ್ಟಿಯಲ್ಲಿ ಬಾಲಾಕ್ಷರಗಳು ಕಾಣುವಂತೆ ಮಾಡಬೇಕು. ವಿಂಡೋಸ್ ಅವುಗಳನ್ನು ಸಾಮಾನ್ಯವಾಗಿ ಮರೆಮಾಡಿರುವುದು. ಬಳಿಕ ಕಡತದ ಮೇಲೆ ಇಲಿಯ ಬಲಗುಂಡಿಯನ್ನೊತ್ತಿ, ‘ಓಪನ್ ವಿತ್’ ಎಂಬಲ್ಲಿ ‘ಚೂಸ್ ಅನದರ್ ಆ್ಯಪ್’ ಎಂಬುದನ್ನು ಆರಿಸಿ, ಬೇಕಾದ ತಂತ್ರಾಂಶವನ್ನು ತೋರಿಸಿ, ‘ಆಲ್ವೇಸ್’ ಎಂಬುದಕ್ಕೆ ಒಪ್ಪಿಗೆ ಕೊಡಬೇಕು. ‘ಸಿಪಿಪಿ’ಗೆ ಹೀಗೆ ಮಾಡಿದ ಮಾತ್ರಕ್ಕೆ ‘ಎಚ್’ ಸರಿಯಾಗದು. ಒಂದೊಂದಕ್ಕೂ ಪ್ರತ್ಯೇಕವಾಗಿ ಮಾಡತಕ್ಕದ್ದು. ನಾವೇ ಆರಿಸಿದ ನಮೂದನ್ನು ವಿಂಡೋಸ್ ಬೇರೊಂದು ಕಡೆ ಬರೆದಿಟ್ಟು, ಯಂತ್ರದ ಸಾಮಾನ್ಯ ನಮೂದಿಗಿಂತ ಅದನ್ನೇ ಮೇಲಾಗಿ ಎಣಿಸುವುದು. 2012ರ ವಿಂಡೋಸ್ 8 ಮೊದಲ್ಗೊಂಡು ಆ ಆಯ್ಕೆಗೆ ಗುಪ್ತಮುದ್ರೆಯೂ ಇರುವುದರಿಂದ ಹಳೆಯ ತಂತ್ರಾಂಶವು ಅದನ್ನು ಸುಲಭವಾಗಿ ಅಳಿಸಲಾರದು. ರಿಜಿಸ್ಟ್ರಿಗೆ ನೇರವಾಗಿ ಕೈಹಾಕುವುದು, ಅದೂ ಪ್ರತಿಯನ್ನು ತೆಗೆದಿಡದೆ ಹಾಕುವುದು, ನಮ್ಮ ಹುಡುಗಿಯರಿಗೆ ಬೇಡ.

ಹಳೆಯದನ್ನು ಕಿತ್ತೊಗೆದರೆ ಸಾಲದೇ ಎಂದು ಕೆಲವರು ಕೇಳುವರು. ಕಿತ್ತರೂ ಅದರ ನಮೂದು ಕೆಲವೊಮ್ಮೆ ಉಳಿಯುವುದರಿಂದ, ಕಾಗದವು ಬೀಗ ಹಾಕಿದ ಮನೆಯ ಬಾಗಿಲಿಗೆ ಹೋಗಿ ನಿಂತಂತಾಗುವುದು. ಆಗಲೂ ಮೇಲೆ ಹೇಳಿದಂತೆಯೇ ಹೊಸದಾಗಿ ಆರಿಸಬೇಕು.