ಗದ್ದುಗೆಯ ದಾರಿ, ಗದ್ದುಗೆಯ ಬೆಲೆ: ಧಾರಾವಾಹಿಗಳಲ್ಲಿ ರಾಜಕೀಯ ನಾಯಕಿಯರು

ಕಥನವೊಂದು ಹೆಣ್ಣನ್ನು ಅಧಿಕಾರಪೀಠದಲ್ಲಿ ಕೂರಿಸಿದ ಮಾತ್ರಕ್ಕೆ ಆಕೆಯ ಅಧಿಕಾರವನ್ನು ಅದು ಒಪ್ಪಿದೆಯೆಂದು ಹೇಳಲಾಗದು. ಆಕೆ ಯಾವ ದಾರಿಯಿಂದ ಅಲ್ಲಿಗೆ ಬಂದಳು, ಅದಕ್ಕಾಗಿ ಏನನ್ನು ತೆತ್ತಳು ಎಂಬ ಎರಡು ಪ್ರಶ್ನೆಗಳಿಂದ ಕಥನದ ನಿಲುವು ಸ್ಪಷ್ಟವಾಗುತ್ತದೆ. ಮೂರು ದೇಶಗಳ ಮೂರು ಧಾರಾವಾಹಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

2005ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಕಮಾಂಡರ್ ಇನ್ ಚೀಫ್’ನಲ್ಲಿ ಉಪಾಧ್ಯಕ್ಷೆ ಮೆಕೆಂಜಿ ಅಲೆನ್ ಅಧ್ಯಕ್ಷೆಯಾಗುವುದು ಆ ಪದವಿಗೆ ಸ್ಪರ್ಧಿಸಿ ಗೆದ್ದಲ್ಲ, ಅಧ್ಯಕ್ಷನ ಮರಣದಿಂದ. ಸಾಯುವ ಮುನ್ನ ಆತನೇ ಆಕೆಗೆ ರಾಜೀನಾಮೆ ನೀಡುವಂತೆ ಹೇಳಿರುತ್ತಾನೆ. ಸಂವಿಧಾನ ಕೊಟ್ಟ ಹಕ್ಕಿಗೂ ಆಕೆ ಸಮರ್ಥನೆ ಒದಗಿಸಬೇಕಾಗುತ್ತದೆ.

2010ರಲ್ಲಿ ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿಯಲ್ಲಿ ಆರಂಭವಾದ ‘ಬೊರ್ಗೆನ್’ನ ದಾರಿ ಬೇರೆ. ಬೊರ್ಗೆನ್ ಎಂದರೆ ಕೋಟೆ. ಸಂಸತ್ತು ಇರುವ ಅರಮನೆಗೆ ಅಲ್ಲಿನ ರೂಢಿಯ ಹೆಸರು. ಮಧ್ಯಮಪಂಥೀಯ ಪಕ್ಷವೊಂದರ ನಾಯಕಿ ಬಿರ್ಗಿಟ್ಟೆ ನ್ಯುಬೊರ್ಗ್ ಚುನಾವಣೆಯನ್ನೂ ಮೈತ್ರಿಯ ಮಾತುಕತೆಗಳನ್ನೂ ದಾಟಿ ಸ್ವಸಾಮರ್ಥ್ಯದಿಂದ ಪ್ರಧಾನಿಯಾಗುತ್ತಾಳೆ. ಡೆನ್ಮಾರ್ಕಿನ ಮೊದಲ ಮಹಿಳಾ ಪ್ರಧಾನಿ ಹೆಲ್ಲೆ ಥಾರ್ನಿಂಗ್ ಷ್ಮಿತ್ ಅಧಿಕಾರಕ್ಕೆ ಬಂದದ್ದು ಮರುವರ್ಷ, 2011ರಲ್ಲಿ. ಆದರೆ ನ್ಯುಬೊರ್ಗ್ ತೆರುವ ಬೆಲೆ ದೊಡ್ಡದು. ಆಕೆಯ ಪದವಿಯ ಕಾರಣಕ್ಕೆ ಪತಿ ತನ್ನ ಉದ್ಯೋಗ ಬಿಡಬೇಕಾಗುತ್ತದೆ, ದಾಂಪತ್ಯ ಮುರಿಯುತ್ತದೆ, ಮಗಳು ಮಾನಸಿಕವಾಗಿ ಅಸ್ವಸ್ಥಳಾದಾಗ ಪ್ರಧಾನಿ ರಜೆಯ ಮೇಲೆ ಹೋಗುತ್ತಾಳೆ.

ಇದನ್ನು ‘ಹೆಣ್ಣು ಆಳಿದರೆ ಮನೆ ಒಡೆಯುತ್ತದೆ’ ಎಂಬ ಹಳೆಯ ಎಚ್ಚರಿಕೆಯಾಗಿ ಓದಬಹುದು. ಪುರುಷ ಪ್ರಧಾನಿಗಳ ಮನೆಯನ್ನು ಮತ್ತೊಬ್ಬರು ಮೌನವಾಗಿ ನಡೆಸುತ್ತಿದ್ದರು, ಆ ದುಡಿಮೆ ಯಾವ ಲೆಕ್ಕಕ್ಕೂ ಸೇರಲಿಲ್ಲ ಎಂಬುದನ್ನು ಬಯಲಿಗಿಟ್ಟ ಕಥನವೆಂದೂ ಓದಬಹುದು. ರಜೆ ಮುಗಿಸಿ ಆಕೆ ಕರ್ತವ್ಯಕ್ಕೆ ಮರಳುವುದು ಎರಡನೆಯ ಓದಿಗೆ ಬಲ ಕೊಡುತ್ತದೆ.

2020ರಲ್ಲಿ ಅಂತರ್ಜಾಲ ವೇದಿಕೆಯಲ್ಲಿ ಬಂದ ಹಿಂದಿಯ ‘ಪಂಚಾಯತ್’ನಲ್ಲಿ ಇದಕ್ಕೆ ತದ್ವಿರುದ್ಧ ಸ್ಥಿತಿಯಿದೆ. ಉತ್ತರಪ್ರದೇಶದ ಫುಲೇರಾ ಎಂಬ ಕಲ್ಪಿತ ಗ್ರಾಮಕ್ಕೆ ಚುನಾಯಿತ ಅಧ್ಯಕ್ಷೆ ಮಂಜುದೇವಿ. ಆಡಳಿತ ನಡೆಸುವವನು ಪತಿ. ಇಲ್ಲಿ ಮನೆ ಉಳಿದಿದೆ, ಅಧಿಕಾರವೇ ಕೈಬಿಟ್ಟಿದೆ. ಮೊದಲ ಆವೃತ್ತಿಯ ಕೊನೆಯಲ್ಲಿ ಗಣರಾಜ್ಯೋತ್ಸವದ ಧ್ವಜಾರೋಹಣಕ್ಕಾಗಿ ಆಕೆ ರಾಷ್ಟ್ರಗೀತೆಯನ್ನು ಕಲಿಯುತ್ತಾಳೆ. ನೆರೆದವರೆದುರು ಅದನ್ನು ಹಾಡುತ್ತಾಳೆ. ಭಾಷಣವಿಲ್ಲ, ಪ್ರತಿಭಟನೆಯಿಲ್ಲ. ಕಾಗದದ ಮೇಲಿದ್ದ ಹೆಸರಿಗೆ ಮೊದಲ ಬಾರಿ ದನಿ ಬರುತ್ತದೆ, ಅಷ್ಟೇ. ಮೂರು ಕಥನಗಳಲ್ಲಿ ನಮ್ಮ ನೆಲಕ್ಕೆ ಅತಿ ಸಮೀಪವಾದುದು ಇದೇ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯತಿಗಳಲ್ಲಿ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಕೇರಳದಲ್ಲಿ ಈಗ ಆ ಪ್ರಮಾಣ ಅರ್ಧ. ಕಾಸರಗೋಡಿನ ವಿದ್ಯಾರ್ಥಿಗೆ ಪಂಚಾಯತಿನ ಅಧ್ಯಕ್ಷೆ ತೆರೆಯ ಮೇಲಿನ ಪಾತ್ರವಷ್ಟೇ ಅಲ್ಲ, ದಿನನಿತ್ಯ ಕಾಣುವ ವ್ಯಕ್ತಿ. ಕಾನೂನು ಸ್ಥಾನವನ್ನು ಕೊಡಬಲ್ಲುದು. ಆ ಸ್ಥಾನದಲ್ಲಿರುವವಳ ಮಾತನ್ನು ಕೇಳುವ ಅಭ್ಯಾಸವನ್ನು ಸಮಾಜವೇ ಬೆಳೆಸಿಕೊಳ್ಳಬೇಕು. ಕಥನಗಳ ಹೊಣೆ ಇರುವುದು ಇಲ್ಲಿಯೇ.

ಚರ್ಚೆಗೆ:
1. ನೀವು ನೋಡಿದ ಧಾರಾವಾಹಿಯೊಂದರ ನಾಯಕಿಗೆ ಅಧಿಕಾರ ದೊರೆತದ್ದು ಯಾರಿಂದ?
2. ಅದೇ ಪಾತ್ರ ಪುರುಷನಾಗಿದ್ದರೆ ಮನೆಯ ಪ್ರಸಂಗಗಳಲ್ಲಿ ಎಷ್ಟು ಉಳಿಯುತ್ತಿತ್ತು?